ಮಳೆಗಾಲದ ಸ್ಕೂಟರ್

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮನೆಯ ಹಳೆಯ ಸ್ಕೂಟರಿಗೆ ಮೊಂಡುತನ ಶುರುವಾಗುತ್ತದೆ. ಇಂದು ಎಷ್ಟು ಕಿಕ್ ಹೊಡೆದರೂ ಏಳದಿದ್ದಾಗ ಮಾಡಿನ ಕೆಳಗೆ ನಿಲ್ಲಿಸಿ ಮೊದಲು ಎಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದೆ. ತುದಿ ಒಣಗಿತ್ತು. ಅದನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿ ಚೆನ್ನಾಗಿಯೇ ಹಾರಿತು. ಕಿಡಿಯಿದ್ದೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ತಲುಪುತ್ತಿಲ್ಲವೆಂದೇ ತಿಳಿಯಬೇಕು. ಇಷ್ಟನ್ನೂ ನೋಡದೆ ಪಿಸ್ಟನ್, ರಿಂಗು ಎಂದು ಮಾತು ತೆಗೆಯುವವರನ್ನು ನಾನು ನಂಬುವುದಿಲ್ಲ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿದರೆ, ಪೆಟ್ರೋಲಿನ ಅಡಿಯಲ್ಲಿ ನೀರು ಬೇರೆಯೇ ಪದರವಾಗಿ ಕುಳಿತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಳ್ಳುತ್ತದೆ, ತೇವ ಮಿತಿಮೀರಿದರೆ ನೀರಿನೊಂದಿಗೆ ತಾನೂ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪೆಟ್ರೋಲನ್ನು ಹೀರುವ ಜೆಟ್ ಇರುವುದೂ ಆ ತಳದಲ್ಲಿಯೇ. ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಊರಿನಲ್ಲಿ, ಅರೆಖಾಲಿ ಟ್ಯಾಂಕಿನೊಂದಿಗೆ ನಿಂತೇ ಇರುವ ಗಾಡಿಗೆ ಇದು ತಪ್ಪಿದ್ದಲ್ಲ.

ಹಿತ್ತಾಳೆಯ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಸೈಕಲ್ ಪಂಪಿನ ಗಾಳಿಯಿಂದಲೇ ಬಿಡಿಸಿದೆ. ಸೂಜಿ ತೂರಿಸಿದರೆ ರಂಧ್ರ ಅಗಲವಾಗಿ ಪೆಟ್ರೋಲಿನ ಅಳತೆಯೇ ಕೆಡುತ್ತದೆ. 2020ರ ನಂತರದ, ಬಿಎಸ್-6 ಎಂಬ ಹೊಗೆ ನಿಯಮದ ಸ್ಕೂಟರುಗಳಲ್ಲಿ ಹೆಚ್ಚಾಗಿ ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರುವುದರಿಂದ ಇಂಥ ಅಂಗಳದ ರಿಪೇರಿ ಇನ್ನೆಷ್ಟು ಕಾಲವೋ ಎಂದೂ ಅನ್ನಿಸಿತು. ಟ್ಯಾಂಕನ್ನೂ ಬರಿದುಮಾಡಿ ಹೊಸ ಪೆಟ್ರೋಲ್ ಹಾಕಿದ ಮೇಲೆ ಗಾಡಿ ಎದ್ದಿತು. ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರಿದಿದೆ. ನಾಳೆ ಪೇಟೆಯಿಂದ ಹೊಸದನ್ನು ತರಬೇಕು.