ಬಾಗುವ ಕೋಲು, ಗುಡುಗುವ ಉಕ್ಕು: ನ್ಯೂ ಪ್ಲಿಮತ್‌ನಲ್ಲಿ ಲೆನ್ ಲೈ

ನ್ಯೂಜಿಲೆಂಡಿಗೆ ಹೋದವರು ಕ್ವೀನ್ಸ್‌ಟೌನ್, ರೋಟೊರುವಾ ಎಂದು ಓಡುತ್ತಾರೆ. ಉತ್ತರ ದ್ವೀಪದ ಪಶ್ಚಿಮ ಅಂಚಿನ ನ್ಯೂ ಪ್ಲಿಮತ್ ಅವರ ಪಟ್ಟಿಯಲ್ಲಿರುವುದು ಅಪರೂಪ. ಆಕ್ಲೆಂಡಿನಿಂದ ಕಾರಿನಲ್ಲಿ ಸುಮಾರು ಐದು ತಾಸು, ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಪ್ರಯಾಣಿಕರ ರೈಲು ಇಲ್ಲ. ಊರಿಗೆ ಬರಲು 2518 ಮೀಟರ್ ಎತ್ತರದ ತರನಾಕಿ ಪರ್ವತ ಒಂದು ನೆಪವಾದರೆ, ಚಲಿಸುವ ಶಿಲ್ಪಗಳನ್ನೂ ಚಲನಚಿತ್ರಗಳನ್ನೂ ಮಾಡಿದ ಕಲಾವಿದ ಲೆನ್ ಲೈ ಇನ್ನೊಂದು.

ಮೊದಲು ಕಡಲ ದಂಡೆಗೇ ಹೋಗಬೇಕು. ಪುಕೆ ಅರಿಕಿ ಮ್ಯೂಸಿಯಂ ಎದುರಿಗೆ ನಿಂತಿದೆ ‘ವಿಂಡ್ ವಾಂಡ್’: ಸುಮಾರು 45 ಮೀಟರ್ ಎತ್ತರ, 20 ಸೆಂಟಿಮೀಟರ್ ವ್ಯಾಸ, 900 ಕಿಲೋ ತೂಕದ ಕೆಂಪು ಕೊಳವೆ. ಜೋರು ಗಾಳಿಗೆ ಬಿದಿರಗಳದಂತೆ ಬಾಗುತ್ತದೆ. ತುದಿ 20 ಮೀಟರ್‌ನಷ್ಟು ಪಕ್ಕಕ್ಕೆ ವಾಲಬಲ್ಲದು. ಗಾಳಿಯಿಲ್ಲದ ಮಧ್ಯಾಹ್ನ ನೋಡಿದರೆ ಬರೀ ಕಂಬ. ಗಾಳಿ ಎದ್ದ ಸಂಜೆ ಬನ್ನಿ. ಕತ್ತಲಾದ ಮೇಲೆ ತುದಿಯ ಗೋಳ ಕೆಂಪಗೆ ಬೆಳಗುತ್ತದೆ, ಬುಡ ಕಾಣದೆ ಆ ಬೆಳಕೊಂದೇ ಆಕಾಶದಲ್ಲಿ ತೂಗುತ್ತದೆ.

ಇದನ್ನು ನಿಲ್ಲಿಸುವ ಹೊತ್ತಿಗೆ ಲೈ ತೀರಿಕೊಂಡು ಸುಮಾರು ಎರಡು ದಶಕ ಕಳೆದಿತ್ತು. 1901ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಹುಟ್ಟಿ, 1926ರಲ್ಲಿ ಹಡಗಿನಲ್ಲಿ ಕಲ್ಲಿದ್ದಲು ಹೊತ್ತು ಲಂಡನ್ ಸೇರಿ, 1944ರಲ್ಲಿ ನ್ಯೂಯಾರ್ಕಿಗೆ ಹೋದವರು ಅವರು, ನಿಧನ 1980ರಲ್ಲಿ. ಈ ಊರಿನಲ್ಲಿ ಅವರು ನೆಲೆಸಿದ್ದೇ ಇಲ್ಲ. 1977ರಲ್ಲಿ ಇಲ್ಲಿನ ಗೋವೆಟ್-ಬ್ರೂಸ್ಟರ್ ಗ್ಯಾಲರಿಗಾಗಿ ‘ಟ್ರಿಲಜಿ’ ಎಂಬ ಉಕ್ಕಿನ ಶಿಲ್ಪ ಮಾಡುವಾಗ ಸ್ಥಳೀಯ ಎಂಜಿನಿಯರ್ ಜಾನ್ ಮ್ಯಾಥ್ಯೂಸ್ ಜೊತೆಯಾದರು. ತಮ್ಮ ಕೃತಿಗಳನ್ನು ದೊಡ್ಡದಾಗಿ ಕಟ್ಟಬಲ್ಲವರು ಇಲ್ಲಿದ್ದಾರೆ ಎಂಬ ಭರವಸೆಯಿಂದಲೇ ಸಂಗ್ರಹ ಇಲ್ಲಿಗೆ ಬಂತು.

ದೊಡ್ಡದಾಗಿ ಕಟ್ಟುವುದು ಏಕೆ ಕಷ್ಟ? ಲೈ ಶಿಲ್ಪಗಳಲ್ಲಿ ಮೋಟಾರು ಅಲುಗಾಡಿಸುವ ಉಕ್ಕಿನ ಪಟ್ಟಿಗಳಿರುತ್ತವೆ. ಒಂದು ತುದಿ ಬಿಗಿದ ಉಕ್ಕಿನ ಪಟ್ಟಿಯ ದಪ್ಪವನ್ನು ಹಾಗೇ ಇಟ್ಟು ಉದ್ದ ಇಮ್ಮಡಿ ಮಾಡಿದರೆ ಕಂಪನದ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ವೇಗ ಉಳಿಸಲು ದಪ್ಪ ಹೆಚ್ಚಿಸಿದರೆ ತೂಕ ಏರುತ್ತದೆ, ದೊಡ್ಡ ಮೋಟಾರು ಬೇಕಾಗುತ್ತದೆ, ಬುಡದ ಮೇಲಿನ ಒತ್ತಡವೂ ಏರುತ್ತದೆ. ಪಟ್ಟಿ ಬಿರುಕು ಬಿಡುವುದು ಸಾಮಾನ್ಯವಾಗಿ ಬಿಗಿದ ತುದಿಯ ಅಂಚಿನಲ್ಲೇ, ಏಕೆಂದರೆ ಪ್ರತಿ ಸಲದ ಬಾಗುವಿಕೆಯ ಭಾರವೆಲ್ಲ ಅಲ್ಲಿ ಬೀಳುತ್ತದೆ. ಒಮ್ಮೆ ಬಾಗಿದರೆ ಏನೂ ಆಗದು. ಲಕ್ಷಾಂತರ ಸಲ ಬಾಗಿದರೆ ಲೋಹ ದಣಿಯುತ್ತದೆ. ವಿಂಡ್ ವಾಂಡ್‌ಗೆ ಉಕ್ಕು ಬಿಟ್ಟು ಗಾಜಿನ ನಾರಿನ ಸಂಯುಕ್ತ ವಸ್ತು (ಫೈಬರ್‌ಗ್ಲಾಸ್) ಬಳಸಿದ್ದರ ಹಿಂದೆಯೂ ಇದೇ ಲೆಕ್ಕ. ಆದರೂ 2000ದ ಹೊಸ ವರ್ಷಕ್ಕೆ ನಿಲ್ಲಿಸಿದ ಕೋಲು ಬೇಗನೆ ಹಾನಿಗೊಂಡು ಕೆಳಗಿಳಿಯಿತು; ಮತ್ತೆ ಎದ್ದದ್ದು 2001ರಲ್ಲಿ. ಸತ್ತವರ ನಕಾಶೆಯಿಂದ ಕಟ್ಟಿದ್ದು ಅವರ ಕೃತಿಯೇ ಎಂದು ಕೇಳುವವರಿದ್ದಾರೆ. ಚಲನೆಯ ರೀತಿ ಅವರದಾದರೆ ಕೃತಿಯೂ ಅವರದೇ ಎನ್ನಬಹುದು.

ದಂಡೆಯಿಂದ ಕ್ವೀನ್ ಸ್ಟ್ರೀಟಿಗೆ ನಡಿಗೆಯ ದೂರ. 2015ರ ಜುಲೈನಲ್ಲಿ ತೆರೆದ ಲೆನ್ ಲೈ ಸೆಂಟರ್‌ನ ಹೊರಮೈ 14 ಮೀಟರ್ ಎತ್ತರದ, ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್. ಎದುರಿನ ಬೀದಿಯೆಲ್ಲ ಅದರಲ್ಲಿ ಸೊಟ್ಟಗೆ ಕಾಣುತ್ತದೆ. ಒಳಗೆ ಎಲ್ಲ ಶಿಲ್ಪಗಳೂ ಸದಾ ಪ್ರದರ್ಶನದಲ್ಲಿ ಇರುವುದಿಲ್ಲ, ಇದ್ದವೂ ಬಿಡುವಿಲ್ಲದೆ ಓಡುವುದಿಲ್ಲ. ಹೊರಡುವ ಮೊದಲೇ ಯಾವುದು ನಡೆಯುತ್ತಿದೆ ಎಂದು ವಿಚಾರಿಸಿ. ಬಾಗಿಲಲ್ಲೇ ಚಾಲನೆಯ ವೇಳೆಯನ್ನೂ ಕೇಳಿಕೊಳ್ಳಿ.

‘ಬ್ಲೇಡ್’ ನಡೆಯುತ್ತಿದ್ದರೆ ಬಿಡಬೇಡಿ. ನೆಟ್ಟಗೆ ನಿಂತ ಉಕ್ಕಿನ ಪಟ್ಟಿಯ ಬುಡವನ್ನು ಮೋಟಾರು ಅಲುಗಾಡಿಸುತ್ತದೆ. ನಿಧಾನವಾಗಿದ್ದಾಗ ಪಟ್ಟಿ ಒಟ್ಟಾಗಿ ಓಲಾಡುತ್ತದೆ. ವೇಗ ಏರಿದಾಗ ನಡುವೆ ಅಲುಗದ ಬಿಂದುವೊಂದು ಮೂಡಿ ಪಟ್ಟಿ ಎಸ್ ಆಕಾರಕ್ಕೆ ತಿರುಗುತ್ತದೆ. ಇಂಥ ಪಟ್ಟಿಯ ಎರಡನೇ ಸಹಜ ಕಂಪನ ಮೊದಲನೆಯದರ ಸುಮಾರು 6.27 ಪಟ್ಟು, ನಡುವಿನ ವೇಗದಲ್ಲಿ ಅದು ಬರೀ ತಡವರಿಸುತ್ತದೆ. ಪಕ್ಕದ ಕಡ್ಡಿಯ ಮೇಲಿನ ಚೆಂಡಿಗೆ ಉಕ್ಕು ಬಡಿದಾಗ ಕೋಣೆ ಮೊಳಗುತ್ತದೆ. ಅಲುಗುವ ಮೈಯಿಂದ ಚಿಮ್ಮುವ ಬೆಳಕೂ ಶಿಲ್ಪದ ಭಾಗವೇ, ಹಾಗಾಗಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಉಳಿಯುವುದು ತಗಡು ಮಾತ್ರ. ಸದ್ದಿಗೆ ಬೆಚ್ಚುವ ಮಕ್ಕಳನ್ನು ‘ಟ್ರಿಲಜಿ’ಯಿಂದ ದೂರ ನಿಲ್ಲಿಸಿ, ಮೇಲಿನಿಂದ ಇಳಿಬಿಟ್ಟ ಮೂರು ಉಕ್ಕಿನ ಪಟ್ಟಿಗಳು ಸಿಡಿಲಿನಷ್ಟೇ ಜೋರು.

ಕಟ್ಟಡದಲ್ಲಿ 62 ಆಸನಗಳ ಚಿತ್ರಮಂದಿರವಿದೆ. ಕ್ಯಾಮೆರಾ ಇಲ್ಲದೆ ಫಿಲ್ಮಿನ ಮೇಲೇ ಬಣ್ಣ ಬಳಿದು ಲೈ 1935ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಗಾಗಿ ‘ಎ ಕಲರ್ ಬಾಕ್ಸ್’ ಮಾಡಿದರು. ಕೊನೆಗೆ ಬರುವುದು ಪಾರ್ಸೆಲ್ ದರದ ಜಾಹೀರಾತು! 1958ರ ‘ಫ್ರೀ ರಾಡಿಕಲ್ಸ್’ ಇನ್ನೂ ಕಠಿಣ: ಕಪ್ಪು ಫಿಲ್ಮನ್ನು ಸೂಜಿಯಂಥ ಮೊನೆಗಳಿಂದ ಗೀರಿದ್ದು. ಮೆಲ್ಲಗೆ ಗೀರಿದರೆ ಕಪ್ಪು ಪೂರ್ತಿ ಏಳದೆ ಗೆರೆ ಮಂಕಾಗುತ್ತದೆ, ಒತ್ತಿದರೆ ಫಿಲ್ಮೇ ಹರಿಯುತ್ತದೆ. ಸೆಕೆಂಡಿಗೆ 24 ಚೌಕಟ್ಟು. ನಾಲ್ಕು ನಿಮಿಷಕ್ಕೆ 5760. ಆಫ್ರಿಕಾದ ಬಗಿರ್ಮಿ ಜನರ ಡೋಲಿನ ಸದ್ದಿಗೆ ಆ ಬಿಳಿ ಗೆರೆಗಳು ಸುತ್ತುವುದನ್ನು ಮೇಲಿನ ಮಹಡಿಯ ಉಕ್ಕನ್ನು ನೋಡಿಯಾದ ಮೇಲೆ ನೋಡಿ. ಎರಡೂ ಒಂದೇ ಕೈಯ ಕೆಲಸವೆಂದು ಆಗ ಯಾರೂ ವಿವರಿಸಬೇಕಿಲ್ಲ.