ಗಾಳಿಗೂ ಬಾಡಿಗೆ

ಚನ್ನಪಟ್ಟಣದ ಬೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ತಂಗಿಗೆ ಈ ವಾರ ಪ್ಯಾಕಿಂಗ್ ಮೇಜು ಜೋಡಿಸಿಕೊಟ್ಟೆ. ಮೊದಲು ಬಂದದ್ದು ಥರ್ಮಲ್ ಲೇಬಲ್ ಪ್ರಿಂಟರ್. ಬಿಸಿಯಿಂದಲೇ ಅಚ್ಚು ಹಾಕುತ್ತದೆ, ಇಂಕಿನ ಖರ್ಚೇ ಇಲ್ಲ, 4x6 ಇಂಚಿನ ಲೇಬಲ್ ಸರ್ರನೆ ಹೊರಗೆ ಬರುತ್ತದೆ, ಹಿಂದಿನ ಹಾಳೆ ಕಿತ್ತು ಅಂಟಿಸಿದರೆ ಆಯ್ತು. ಸೆಟ್ಟಿಂಗ್‌ನಲ್ಲಿ ಪೇಪರ್ ಸೈಜ್ ಬದಲಿಸಬೇಕು ಅಷ್ಟೇ, ಎ4 ಅಂತಲೇ ಬಿಟ್ಟರೆ ಬಾರ್‌ಕೋಡ್ ಕುಗ್ಗಿ ಮೂಲೆ ಸೇರುತ್ತದೆ. ಅಚ್ಚಿನ ಸ್ಪಷ್ಟತೆಗೆ 203 ಡಿಪಿಐ (ಇಂಚಿಗೆ 203 ಚುಕ್ಕಿ) ಧಾರಾಳ ಸಾಕು, 300ಕ್ಕೆ ಸುಮ್ನೆ ಜಾಸ್ತಿ ದುಡ್ಡು ಯಾಕೆ?

ತಕ್ಕಡಿಯೂ ಬಂತು. ಆದರೆ ನನ್ನ ಪ್ರಕಾರ ಆ ಮೇಜಿನ ಮೇಲೆ ನಿಜವಾಗಿ ದುಡ್ಡು ಉಳಿಸುವುದು ಅಳತೆ ಟೇಪು. ಬೊಂಬೆ 600 ಗ್ರಾಂ ಇರಬಹುದು, ಡಬ್ಬ 30x20x15 ಸೆಂ.ಮೀ. ಆದರೆ ಎಷ್ಟೋ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ 1.8 ಕೆಜಿ ಅಂತ ಲೆಕ್ಕ ಹಾಕುತ್ತಾರೆ. ಅಂದರೆ ಡಬ್ಬದೊಳಗಿನ ಗಾಳಿಗೂ ನಾವೇ ಬಾಡಿಗೆ ಕಟ್ಟಬೇಕು, ಅಲ್ವಾ? ಅದಕ್ಕೇ ಈಗ ಅವಳು ಎರಡು ಮೂರು ಸೈಜಿನ ಡಬ್ಬ ಇಟ್ಟುಕೊಂಡಿದ್ದಾಳೆ.

ಬಾರ್‌ಕೋಡ್ ಓದುವ ಸ್ಕ್ಯಾನರ್ ಇನ್ನೂ ತಗೊಂಡಿಲ್ಲ. "ಬೆರಳೆಣಿಕೆ ಆರ್ಡರ್‌ಗೆ ಕಣ್ಣೇ ಸಾಕು ಬಿಡಣ್ಣ" ಅನ್ನುತ್ತಾಳೆ. ದೀಪಾವಳಿ ಹೊತ್ತಿಗೆ ನೋಡೋಣ.