ಜೆಟ್‌ಗಳ ನಡುವೆ ಎಚ್‌ಟಿ-2

ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಬಂದವರು ಮೊದಲು ಧಾವಿಸುವುದು ಮಾರುತ್, ಮಿಗ್ ಜೆಟ್ ಯುದ್ಧವಿಮಾನಗಳ ಕಡೆಗೆ. ನನಗೆ ಬೇಕಿದ್ದುದು ಎಚ್‌ಟಿ-2. ಒಂದೇ ಪ್ರೊಪೆಲ್ಲರ್, ಒಂದರ ಹಿಂದೊಂದು ಎರಡು ಆಸನ, ಹಾರುವಾಗಲೂ ಮಡಚದ ಚಕ್ರಗಳು. ಎಚ್‌ಎಎಲ್‌ನ ವಿನ್ಯಾಸಕ ವಿ.ಎಂ. ಘಾಟಗೆ ಅವರ ತಂಡ ಇದೇ ಬೆಂಗಳೂರಿನಲ್ಲಿ ರೂಪಿಸಿದ ಈ ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿತು. ಬಟ್ಟೆ ಹೊದಿಸಿದ ಬ್ರಿಟಿಷ್ ವಿಮಾನ ಟೈಗರ್ ಮಾತ್‌ನಲ್ಲಿ ಹಾರಾಟ ಕಲಿಯುತ್ತಿದ್ದ ವಾಯುಪಡೆಗೆ ನಮ್ಮವರೇ ಕಟ್ಟಿದ ಲೋಹದ ವಿಮಾನ ಸಿಕ್ಕಿತು. ನನ್ನ ಮಟ್ಟಿಗೆ ಅಲ್ಲಿರುವ ಯಾವ ಜೆಟ್ಟೂ ಇದರ ಮುಂದೆ ನಿಲ್ಲುವುದಿಲ್ಲ.

ಬಾಗಿ ರಿವೆಟ್‌ಗಳನ್ನು ನೋಡುತ್ತಿದ್ದಾಗ ಹಿರಿಯರೊಬ್ಬರು ಪಕ್ಕದಲ್ಲಿ ನಿಂತರು. ಬೀದರಿನ ತರಬೇತಿ ಶಾಲೆಯಲ್ಲಿ ಫಿಟ್ಟರ್ ಆಗಿದ್ದವರಂತೆ.

"ಮೇಲೆ ಏನು ನೋಡುತ್ತೀರಿ? ಹಿಂದೆ ಬನ್ನಿ," ಎಂದು ಬಾಲದಡಿಯ ಪುಟ್ಟ ಚಕ್ರ ತೋರಿಸಿದರು. "ಹುಡುಗರು ಇಳಿಸುವಾಗ ದಿಕ್ಕು ತಿದ್ದುವ ಕಾಲಿನ ಪೆಡಲ್ ಒತ್ತುವುದು ಸ್ವಲ್ಪ ತಡವಾದರೂ ಬಾಲ ಪಕ್ಕಕ್ಕೆ ತಿರುಗಿಬಿಡುತ್ತಿತ್ತು."

"ಬಾಲದ ಬದಲು ಮೂಗಿನಡಿ ಚಕ್ರ ಇರುವ ವಿಮಾನ ಸುಲಭವಲ್ಲವೇ?"

"ಸುಲಭ. ಆದರೆ ಕಾಲು ಕಲಿಯುವುದಿಲ್ಲ. ಇದರಲ್ಲಿ ನೆಲದ ಮೇಲಿದ್ದಾಗ ಬಾಲ ತಗ್ಗಿ, ಮೇಲೆದ್ದ ಮೂಗು ಎದುರಿನದನ್ನು ಮರೆಮಾಡುತ್ತದೆ. ಅತ್ತಿತ್ತ ತಿರುಗಿಸುತ್ತಾ ದಾರಿ ನೋಡಿಕೊಳ್ಳಬೇಕು. ಆಮೇಲೆ ಜೆಟ್ ಹಾರಿಸಿದ ಎಷ್ಟೋ ಮಂದಿ ಮೊದಲು ಬೈಸಿಕೊಂಡದ್ದು ಇದರೊಳಗೇ."

ಟೈರಿನ ಸವೆತ ನೋಡಿಯೇ ಬೆಳಗಿನ ಪಾಠ ಹೇಗೆ ನಡೆಯಿತೆಂದು ತಿಳಿಯುತ್ತಿದ್ದರಂತೆ. ಅರ್ಧ ಗಂಟೆ ನಾವು ಆ ಚಕ್ರದ ಬಳಿಯಿಂದ ಕದಲಲಿಲ್ಲ.

ಮುಂದೆ ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯಕ್ಕೂ ಹೋದೆ. ಅಲ್ಲಿನ ಹಳೆಯ ವಿಮಾನಗಳಾದ ವಾಪಿಟಿ, ಲೈಸ್ಯಾಂಡರ್ ಅಪರೂಪದವು, ಆದರೆ ಎರಡೂ ಹೊರಗಿನಿಂದ ಬಂದವು. ಮತ್ತೆ ನಿಂತದ್ದು ಅಲ್ಲಿನ ಎಚ್‌ಟಿ-2 ಎದುರಿಗೇ, ಈ ಸಲ ನೇರವಾಗಿ ಬಾಲದ ಬಳಿ.

ಸೇನೆಯ ವೀಕ್ಷಣಾ ವಿಮಾನವಾಗಿದ್ದ ಕೃಷಕ್‌ನ ಜಾಡು ಹಿಡಿದು ಹೋದಾಗ ಮಾತ್ರ ಮನಸ್ಸು ಕೆಟ್ಟಿತು. ಫೋನಿನಲ್ಲಿ "ಬನ್ನಿ, ತೋರಿಸುತ್ತೇವೆ" ಎಂದ ಕಚೇರಿಯೊಂದರ ಗೇಟಿನಲ್ಲಿ ಮಧ್ಯಾಹ್ನದವರೆಗೆ ಕೂರಿಸಿ, ಮೇಲಿನವರ ಅನುಮತಿ ಇಲ್ಲವೆಂದು ಕಳುಹಿಸಿದರು. ರಾತ್ರಿಯಿಡೀ ಬಸ್ಸಿನಲ್ಲಿ ಬಂದವನಿಗೆ ಹೇಳುವ ಮಾತೇ ಅದು? ಬೇಲಿಯೊಳಗಿನ ವಿಮಾನ ನೋಡಬೇಕೆನ್ನುವವರು ಬಾಯಿಮಾತು ನಂಬಬೇಡಿ. ಅನುಮತಿ ಪತ್ರ, ಸಹಿ ಮಾಡಿದವರ ಹೆಸರು, ಫೋಟೊ ತೆಗೆಯಬಹುದೇ ಎಂಬುದು, ಇಷ್ಟೂ ಕೈಗೆ ಬಂದ ಮೇಲೆಯೇ ಟಿಕೆಟ್ ಕೊಳ್ಳಿ.